ಸಗುಣಾ ಮಾವಶಿಯ ತವಾ

ಹೋದ ಫೆಬ್ರುವರಿಯಲ್ಲಿ ನಾದಿನಿಯ ಮೊಮ್ಮಗಳ ಮದುವೆಗೆಂದು ಮಿರಜಿಗೆ ಹೊರಟವಳು ಸಾಂಗಲಿಯಲ್ಲಿ ಇಳಿದು, ಬಳೆ ಕೊಳ್ಳುವ ನೆವದಿಂದ ಹಳೆಯ ಪೇಟೆಯ ಕಡೆ ನಡೆದೆ. ಅರಿಶಿನದ ಅಂಗಡಿಗಳ ಮುಂದೆ ಚೀಲ ಸುರಿಯುತ್ತಿದ್ದರು. ಹಳದಿ ಧೂಳು ಬಿಸಿಲಿನಲ್ಲಿ ಎದ್ದು ನಿಂತಿತ್ತು. ಹಮಾಲರ ಹುಬ್ಬು, ರೆಪ್ಪೆ, ಅಂಗಿಯ ಹೊಲಿಗೆಯ ಸಾಲು ಎಲ್ಲ ಹಳದಿ. ನನಗೆ ಒಂದರ ಹಿಂದೆ ಒಂದು ಮೂರು ಸೀನು ಬಂದವು. ಒಬ್ಬ ಹಮಾಲ ನಕ್ಕು, "ಆಜಿ, ಸೆರಗು ಮೂಗಿಗೆ ಹಿಡೀರಿ, ಇಲ್ಲಾಂದ್ರ ಮನಿ ಮುಟ್ಟೂತನಕ ಸೀನತೀರಿ" ಅಂದ. ನಾನು ಹಿಡಿಯಲಿಲ್ಲ. ಮಣ್ಣು, ಬೇರು, ಸ್ವಲ್ಪ ಕಹಿ ಸೇರಿದ ಆ ವಾಸನೆ ಒಳಗೆ ಹೋದದ್ದೇ ತಡ, ಎರಡು ಕೈಗಳು ಕಣ್ಣ ಮುಂದೆ ಬಂದಿದ್ದವು. ಬೆರಳ ಸಂದಿಯಲ್ಲಿ ಬಿರುಕು, ಉಗುರಿನ ಅಂಚಿಗೆ ಕಿತ್ತಳೆ ಬಣ್ಣ. ಸಗುಣಾ ಮಾವಶಿಯ ಕೈಗಳು. ಬಳೆ ಕೊಳ್ಳುವುದು ಮರೆತೇ ಹೋಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ನನಗಾಗ ಇಪ್ಪತ್ತಮೂರು ವಯಸ್ಸು, ಮದುವೆಯಾಗಿ ಎರಡನೆಯ ವರ್ಷ. ತೌರು ಗದಗ. ಒಂದನೆಯ ಇಯತ್ತೆಯಿಂದ ಮೆಟ್ರಿಕ್‌ವರೆಗೆ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು. ಹಾಗಾಗಿ ನನಗೆ ಕಸೂತಿ ಬರುತ್ತಿತ್ತು, ಮುತ್ತಿನಂಥ ಅಕ್ಷರ ಬರುತ್ತಿತ್ತು, ಅಡಿಗೆ ಮಾತ್ರ ಅತ್ತೆಯ ಮನೆಯ ಒಲೆಯ ಮುಂದೆಯೇ ಕಲಿಯುವುದಿತ್ತು. ಅತ್ತೆ ಇರಲಿಲ್ಲ, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಇವರು ಸಾಂಗಲಿಯ ಹತ್ತಿರದ ಒಂದು ಸಹಕಾರಿ ಸಕ್ಕರೆ ಕಾರಖಾನೆಯ ಲ್ಯಾಬಿನಲ್ಲಿದ್ದರು, ಮನೆ ಸಾಂಗಲಿಯಲ್ಲೇ. ಕಬ್ಬು ಅರೆಯುವ ಹಂಗಾಮಿನ ತಿಂಗಳುಗಳಲ್ಲಿ ಅವರ ಅಂಗಿಗೆ ಕಾಕಂಬಿಯ ವಾಸನೆ, ಎಷ್ಟು ಒಗೆದರೂ ಹೋಗದು.

ಆಗ ಎಲ್ಲದಕ್ಕೂ ಒಂದು ಸಂಘ. ಹಾಲಿಗೆ ಸಂಘ, ನೂಲಿಗೆ ಸಂಘ, ಕಬ್ಬಿಗೆ ಸಂಘ. ಮಂದಿಯ ಬಾಯಲ್ಲಿ ಠರಾವು, ಅನುಮೋದನೆ, ಬಹುಮತ ಎಂಬ ಶಬ್ದಗಳು ಉಪ್ಪು ಮೆಣಸಿನಕಾಯಿಯ ಹಾಗೆ ಬರುತ್ತಿದ್ದವು. ನಮ್ಮ ಚರ್ಚಿನ ಹೆಂಗಸರ ಸಭೆಗೂ ಆ ಗಾಳಿ ಬೀಸಿತ್ತು. ಗುರುವಾರ ಮಧ್ಯಾಹ್ನ ಹದಿನೈದು ಹೆಂಗಸರು ಕೂಡಿ ಹಾಡು, ಪ್ರಾರ್ಥನೆ, ಹೆಣಿಗೆ ಮುಗಿಸಿದ ಮೇಲೆ ಏನಾದರೊಂದು ಠರಾವು ಪಾಸು ಮಾಡದೆ ಏಳುತ್ತಿರಲಿಲ್ಲ. ಪಾದ್ರಿಯವರ ಹೆಂಡತಿ ವಿಮಲಾಬಾಯಿ ಅಧ್ಯಕ್ಷೆ. ಅಕ್ಷರ ಚಂದ ಎಂದು ನನ್ನನ್ನು ಸೆಕ್ರೆಟರಿ ಮಾಡಿದ್ದರು. ನೀಲಿ ರಟ್ಟಿನ ಪುಸ್ತಕದಲ್ಲಿ ಸಭೆಯ ವೃತ್ತಾಂತ ಬರೆಯುವುದು ನನ್ನ ಕೆಲಸ.

ಸಗುಣಾ ಮಾವಶಿ ಯಾರಿಗೂ ನೆಂಟರಲ್ಲ, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಚರ್ಚಿನ ಹಿಂದಿನ ಓಣಿಯಲ್ಲಿ, ನಮ್ಮ ಹಿತ್ತಲ ಬೇಲಿಯಾಚೆ, ಎರಡು ಕೋಣೆಯ ಮನೆ, ಹಿತ್ತಲಲ್ಲಿ ಐದು ಕೋಳಿ. ಮಿರಜಿನಾಚೆ ಬೇಡಗ ಎಂಬ ಹಳ್ಳಿಯಲ್ಲಿ ತಮ್ಮನ ಸಂಸಾರವಿತ್ತು, ಮಾತು ಅಲ್ಲಿಯದೇ ಕನ್ನಡ. ಚರ್ಚಿನಲ್ಲಿ ಮರಾಠಿಯೇ ಮರಾಠಿ ಕೇಳಿ ಬಳಲಿದ ನನಗೆ ಅವರ ಮಾತು ಕಿವಿಗೆ ತಂಪು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುಭೋಜನ, ಪ್ರಭುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಆರಾಧನೆ. ರೊಟ್ಟಿ ಬೇಕರಿಯಿಂದ ತರುವ ರೂಢಿ ಇರಲಿಲ್ಲ. ಗೋಧಿ ಹಿಟ್ಟಿನ ದಪ್ಪ ರೊಟ್ಟಿ, ಹುಳಿಯಿಲ್ಲ, ಉಪ್ಪಿಲ್ಲ. ಹಸಿಯಿರುವಾಗಲೇ ಚಾಕುವಿನಿಂದ ಅಡ್ಡ ಉದ್ದ ಗೆರೆ ಹಾಕಿ, ಶಿಗಡಿಯ ಕೆಂಡದ ಮೇಲೆ ಸಾವಕಾಶ ಬೇಯಿಸಬೇಕು. ಗೆರೆ ಗುಂಟ ಮುರಿದರೆ ಬೆರಳ ತುದಿಯಷ್ಟು ಚೌಕ ಚೌಕ ತುಣುಕು ಬರಬೇಕು. ಇಪ್ಪತ್ತು ವರ್ಷದಿಂದ ಅದು ಸಗುಣಾ ಮಾವಶಿಯ ಸೇವೆ. ಅವರ ಅತ್ತೆಯಿಂದ ಅವರಿಗೆ ಬಂದದ್ದು. ಆರಾಧನೆ ಮುಗಿದ ಮೇಲೆ ಉಳಿದ ತುಣುಕುಗಳನ್ನು ಪಾದ್ರಿಯವರೂ ಹಿರಿಯರೂ ಒಳಗಿನ ಕೋಣೆಯಲ್ಲಿ ನಿಂತು ತಿಂದು ಮುಗಿಸುತ್ತಿದ್ದರು. ತಟ್ಟೆ, ಬಟ್ಟೆ ತೊಳೆಯಲು ಮಾವಶಿ ಮನೆಗೆ ಒಯ್ಯುತ್ತಿದ್ದರು.

ಆ ಜನವರಿಯ ಮೊದಲ ಭಾನುವಾರ ಮಧ್ಯಾಹ್ನ ನಾನು ಅವರಿಂದ ತಂದ ಜರಡಿ ಹಿಂದಿರುಗಿಸಲು ಹೋದೆ. ಮುಂದಿನ ಬಾಗಿಲು ತೆರೆದಿತ್ತು, ಕರೆದರೆ ಓ ಅನ್ನಲಿಲ್ಲ. ಒಳಗೆ ಹಾದು ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ಚರ್ಚಿನ ಬಿಳಿ ಬಟ್ಟೆ ಒಣಗುತ್ತಿತ್ತು. ಕಟ್ಟೆಯ ಮೇಲೆ ಪ್ರಭುಭೋಜನದ ತಟ್ಟೆಗಳು ಬೋರಲಾಗಿ ಹೊಳೆಯುತ್ತಿದ್ದವು. ಅದರ ಕೆಳಗೆ ನೆಲದ ಮೇಲೆ ಕೋಳಿಗಳು ಮುಗಿಬಿದ್ದಿದ್ದವು. ಒಂದು ಕೆಂಪು ಹೇಂಟೆಯ ಕೊಕ್ಕಿನಲ್ಲಿ ನೆನೆದ ರೊಟ್ಟಿಯ ತುಣುಕು. ತುಣುಕಿನ ಮೇಲೆ ಸ್ಪಷ್ಟವಾಗಿ ಅಡ್ಡ ಉದ್ದ ಗೆರೆ.

ಜರಡಿಯನ್ನು ಎದೆಗವುಚಿ ಹಿಂದೆ ಸರಿದೆ. ಇದನ್ನು ತಿಳಿಯಬೇಕಾದರೆ ನಮ್ಮ ಕಾನ್ವೆಂಟು ತಿಳಿದಿರಬೇಕು. ನಾವು ಪ್ರೊಟೆಸ್ಟಂಟರಾದರೂ ಬೋರ್ಡಿಂಗಿನ ಹುಡುಗಿಯರೆಲ್ಲ ಬೆಳಗಿನ ಪೂಜೆಗೆ ಕೂಡಬೇಕಿತ್ತು. ಒಂದು ದಿನ ಪವಿತ್ರ ರೊಟ್ಟಿಯ ಚೂರು ನೆಲಕ್ಕೆ ಬಿತ್ತೆಂದು ವಯಸ್ಸಾದ ಸಿಸ್ಟರ್ ಒಬ್ಬರು ಮೊಣಕಾಲೂರಿ, ಕನ್ನಡಕ ನೆಲಕ್ಕೆ ತಾಗುವಷ್ಟು ಬಗ್ಗಿ, ಕಲ್ಲಿನ ಸಂದಿಯನ್ನೆಲ್ಲ ಬೆರಳಿಂದ ತಡವಿ ಹುಡುಕಿದ್ದನ್ನು ನೋಡಿದ್ದೆ. ಅಂಥದ್ದನ್ನು ಕೋಳಿಗೆ! ಹಿರಿಯರು ತಿಂದು ಉಳಿದದ್ದು ತಟ್ಟೆಯ ಜೊತೆ ಬಂದಿರಬೇಕೆಂದು ನಾನೇ ಖಾತ್ರಿ ಮಾಡಿಕೊಂಡೆ.

ಜರಡಿಯನ್ನು ಹೊಸ್ತಿಲ ಮೇಲಿಟ್ಟು, ಕಳ್ಳಿಯ ಹಾಗೆ ಬಂದುಬಿಟ್ಟೆ. ಒಂದು ಮಾತು ಕೇಳಲಿಲ್ಲ. "ಮಾವಶಿ, ಇದೇನ್ರಿ?" ಎಂಬ ಎರಡು ಶಬ್ದ.

ಗುರುವಾರ ವಿಮಲಾಬಾಯಿಯ ಕಿವಿಯಲ್ಲಿ ಹೇಳಿದೆ. ಚಾಡಿ ಅನ್ನಿಸಲೇ ಇಲ್ಲ. ದೇವರ ಕೆಲಸ ಮಾಡುತ್ತಿದ್ದೇನೆ ಎಂಬ ಭಾವ. ಅವರು ಕಣ್ಣು ಮುಚ್ಚಿ, "ಪರಮೇಶ್ವರಾ" ಅಂದು ನಿಟ್ಟುಸಿರು ಬಿಟ್ಟರು. "ಯಾರಿಗೂ ಹೇಳಬ್ಯಾಡಾ ಪ್ರೇಮಾ" ಅಂದರು. ನಾನು ಹೇಳಲಿಲ್ಲ. ಆದರೂ ಎರಡು ವಾರದಲ್ಲಿ ಹದಿನೈದೂ ಮನೆಗೆ ಗೊತ್ತಿತ್ತು. ಕೋಳಿಗಳು ಕೆಲವರ ಬಾಯಲ್ಲಿ ಆಡುಗಳಾಗಿದ್ದವು. ಒಬ್ಬರಂತೂ ಮಾವಶಿ ಉಳಿದ ರೊಟ್ಟಿಯಲ್ಲಿ ಶಿರಾ ಮಾಡುತ್ತಾರೆಂದರು.

ಜನವರಿಯ ಕೊನೆಯ ಸಭೆಯಲ್ಲಿ ಒಂದು ಠರಾವು ಬಂತು. ಪ್ರಭುಭೋಜನದ ರೊಟ್ಟಿಯ ಸೇವೆ ಇನ್ನು ಮುಂದೆ ಸರದಿಯ ಮೇಲೆ, ಮೊದಲ ಮೂರು ತಿಂಗಳು ಪ್ರೇಮಾಬಾಯಿ. ಕಾರಣ ಯಾರೂ ಹೇಳಲಿಲ್ಲ. ಸಗುಣಾ ಮಾವಶಿ ಹಿಂದಿನ ಚಾಪೆಯ ಮೇಲೆ ಕುಳಿತು ಉಣ್ಣೆ ಸುತ್ತುತ್ತಿದ್ದರು. ಎಲ್ಲರೂ ಕೈ ಎತ್ತಿದರು. ಮಾವಶಿಯೂ ಸುತ್ತುವುದನ್ನು ನಿಲ್ಲಿಸಿ, ಎಲ್ಲರ ಮುಖ ಒಮ್ಮೆ ನೋಡಿ, ಕೈ ಎತ್ತಿದರು. 'ಸರ್ವಾನುಮತದಿಂದ' ಎಂದು ನಾನು ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ.

ಮರುದಿನ ಮುಂಜಾನೆ ಬಾಗಿಲಲ್ಲಿ ಮಾವಶಿ. ಬಗಲಲ್ಲಿ ಚೀಲ. ಒಳಗಿಂದ ಒಂದು ಕಪ್ಪು ಕಬ್ಬಿಣದ ತವಾ, ಹಿಡಿಕೆ ಸವೆದ ಚಾಕು, ಒಂದು ಬಿಳಿ ಬಟ್ಟೆ ತೆಗೆದು ಕಟ್ಟೆಯ ಮೇಲಿಟ್ಟರು.

"ನಮ್ಮತ್ತೀದು ತವಾ. ತಗೋ."

ನಾನು ಮಣೆ ಸರಿಸಿದೆ. "ಕುಂದ್ರಿ ಮಾವಶಿ, ಚಹಾ ಮಾಡತೇನಿ."

"ಚಹಾ ಬ್ಯಾಡ. ಕೇಳು. ಹಿಟ್ಟು ಎರಡು ಸಲ ಸೋಸು. ಉಪ್ಪು ಹಾಕಬ್ಯಾಡ, ಕೈ ರೂಢಿಯಿಂದ ಉಪ್ಪಿನ ಡಬ್ಬಿಗೆ ಹೋಗತದ, ಹುಷಾರು. ತವಾ ಅವಸರಲೆ ಕಾಯಸಬ್ಯಾಡ."

"ಮತ್ತ?"

"ಮತ್ತೇನು, ಉಳಿದದ್ದು ತವಾನ ಹೇಳತದ" ಅಂದು ಸೆರಗು ಹೊದ್ದು ನಡೆದುಬಿಟ್ಟರು.

ಪಾಪ, ಏನೂ ಗೊತ್ತಿಲ್ಲ ಇವರಿಗೆ, ಅಂದುಕೊಂಡೆ. ಪಾಪ ಅನ್ನುವ ಅಧಿಕಾರ ನನಗೆ ಎಲ್ಲಿಂದ ಬಂತೋ. ಆ ತವಾದ ಅಂಚಿಗೆ ಅರ್ಧ ಇಂಚು ಮಸಿ ಗಟ್ಟಿಯಾಗಿ ಕೂತಿತ್ತು. ನನಗೆ ಅದನ್ನು ಪವಿತ್ರ ಕೆಲಸಕ್ಕೆ ಮುಟ್ಟಲು ಮನಸ್ಸಾಗಲಿಲ್ಲ. ಅಟ್ಟಕ್ಕೆ ಹಾಕಿದೆ.

ಫೆಬ್ರುವರಿಯ ರೊಟ್ಟಿಯನ್ನು ಹೊಸ ಗ್ಯಾಸಿನ ಮೇಲೆ, ತೌರಿನಿಂದ ತಂದ ಹೊಳೆಯುವ ಬಾಣಲೆಯಲ್ಲಿ, ಸಣ್ಣ ಉರಿಯಿಟ್ಟು ಮಾಡಿದೆ. ನೋಡಲು ಹಾಲಿನ ಬಣ್ಣ, ಒಂದು ಕಪ್ಪು ಚುಕ್ಕೆಯಿಲ್ಲ. ಭಾನುವಾರ ಪಾದ್ರಿಯವರು ಅದನ್ನು ಎತ್ತಿ ಹಿಡಿದು ಮುರಿಯಲು ಹೋದರೆ ಮುರಿಯದು. ಎರಡೂ ಕೈಯಿಂದ ಎಳೆದರು. ಕೊನೆಗೆ ಒಳಗಿನಿಂದ ಚಾಕು ತರಿಸಿದರು. ಮುಂದಿನ ಬೆಂಚಿನ ಮುದುಕರು ತಮ್ಮ ಪಾಲನ್ನು ಮುಕ್ತಾಯದ ಹಾಡಿನವರೆಗೂ ಅಗಿಯುತ್ತಿದ್ದರು.

ಮನೆಗೆ ಬಂದು ಇವರು ಬೂಟು ಬಿಚ್ಚುತ್ತ, "ಮುಂದಿನ ತಿಂಗಳು ಮಂದಿ ಅಡಕತ್ತು ತಗೊಂಡ ಬರ್ತಾರ ನೋಡು" ಅಂದರು. ನನಗೆ ಅಳು ಬಂತು. ರೊಟ್ಟಿಗಾಗಿ ಅತ್ತೆನೆಂದು ಇವರು ತಿಳಿದರು. ಆದರೆ ನಾನು ಇನ್ನೊಂದು ನೋಡಿದ್ದೆ. ತಟ್ಟೆ ಬೆಂಚಿನಗುಂಟ ಕೈಯಿಂದ ಕೈಗೆ ಬರುವಾಗ ಸಗುಣಾ ಮಾವಶಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಏನೂ ತೆಗೆದುಕೊಳ್ಳದೆ ಮುಂದಿನವರಿಗೆ ದಾಟಿಸಿದರು. ಇಪ್ಪತ್ತು ವರ್ಷ ಆ ರೊಟ್ಟಿ ಮಾಡಿದವರು. ಮನಸ್ಸಿನಲ್ಲಿ ಯಾರ ಮೇಲಾದರೂ ಕೋಪವಿದ್ದರೆ ಮೊದಲು ಹೋಗಿ ರಾಜಿಯಾಗಿ ಬಂದು ಆಮೇಲೆ ಈ ಊಟಕ್ಕೆ ಕೈ ಚಾಚಬೇಕೆಂದು ಪಾದ್ರಿಯವರು ಪ್ರತಿ ಸಲ ಹೇಳುತ್ತಿದ್ದರು. ಎಲ್ಲರೂ ಕೇಳುತ್ತಿದ್ದೆವು, ಎಲ್ಲರೂ ತೆಗೆದುಕೊಳ್ಳುತ್ತಿದ್ದೆವು. ಯಾರಾದರೂ ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಾರ್ಚಿನ ಮೊದಲ ಶನಿವಾರ ಮಧ್ಯಾಹ್ನ ಅಟ್ಟದಿಂದ ತವಾ ಇಳಿಸಿದೆ. ಶಿಗಡಿಗೆ ಕೆಂಡ ಹಾಕಿದೆ. ಮೊದಲ ರೊಟ್ಟಿ ಲಟ್ಟಿಸಿ, ಗೆರೆ ಹಾಕಿ, ತವಾದ ಮೇಲೆ ಬಿಟ್ಟೆ. ಕಬ್ಬಿಣ ನಡುವೆ ಕೆಂಪಗೆ ಕಾದಿತ್ತು, ಅಂಚಿನಲ್ಲಿ ತಣ್ಣಗಿತ್ತು. ರೊಟ್ಟಿ ನಡುವೆ ಸುಟ್ಟು ಅಂಚಿನಲ್ಲಿ ಹಸಿ ಉಳಿಯಿತು. ಗೆರೆಗಳು ಆಳವಾಗಿದ್ದವು, ಎತ್ತುವಾಗಲೇ ಮುರಿಯಿತು. ಬದಿಗಿಟ್ಟೆ. ಎರಡನೆಯದಕ್ಕೆ ಕೆಂಡ ಸರಿಸಿದೆ, ಗೆರೆ ತೇಲಿಸಿದೆ. ಮೂರನೆಯದು, ನಾಲ್ಕನೆಯದು ಎಷ್ಟು ಚಂದ ಬಂದವೆಂದರೆ ನಾನೊಬ್ಬಳೇ ನಗುತ್ತ ಕೂತೆ. ತವಾ ಹೇಳಿತ್ತು.

ಭಾನುವಾರ ಪಾದ್ರಿಯವರ ಕೈಯಲ್ಲಿ ರೊಟ್ಟಿ ಸಣ್ಣ ಸಪ್ಪಳ ಮಾಡಿ ಮುರಿಯಿತು. ಮಾವಶಿ ಆವತ್ತೂ ತಟ್ಟೆಯನ್ನು ಮುಂದೆ ದಾಟಿಸಿದರು.

ಮನೆಗೆ ಬಂದು ಅಡಿಗೆ ಕಟ್ಟೆ ಒರೆಸುವಾಗ ಆ ಮೊದಲ ರೊಟ್ಟಿ ಕಂಡಿತು. ಒಣಗಿ ಕಟ್ಟಿಗೆಯಂತಾಗಿತ್ತು. ಕಸಕ್ಕೆ ಹಾಕಲು ಮನಸ್ಸಾಗದೆ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಚೆಲ್ಲಿದೆ. ಕಾಗೆ ತಿನ್ನಲಿ ಎಂದು. ಕಾಗೆ ಬರುವ ಮೊದಲೇ ಬೇಲಿಯ ತೂತಿನಿಂದ ಐದೂ ಕೋಳಿ ಓಡಿ ಬಂದವು. ರೆಕ್ಕೆ ಬಿಚ್ಚಿ, ಒಂದರ ಮೇಲೊಂದು ಬಿದ್ದು, ಎಲ್ಲಕ್ಕಿಂತ ಮುಂದೆ ಆ ಕೆಂಪು ಹೇಂಟೆ. ಇಂಥ ಭಾನುವಾರ, ಇಷ್ಟು ಹೊತ್ತಿಗೆ, ಇಂಥದ್ದೊಂದು ಸಿಗುತ್ತದೆಂದು ಅವುಗಳಿಗೆ ವರ್ಷಗಳಿಂದ ಗೊತ್ತಿದ್ದ ಹಾಗೆ.

ಹೇಂಟೆಯ ಕೊಕ್ಕಿನಲ್ಲಿ ನೆನೆದ ತುಣುಕು. ತುಣುಕಿನ ಮೇಲೆ ಅಡ್ಡ ಉದ್ದ ಗೆರೆ. ನಾನು ಹಾಕಿದ ಗೆರೆ.

ಬಾಗಿಲ ಚೌಕಟ್ಟು ಹಿಡಿದು ಎಷ್ಟು ಹೊತ್ತು ನಿಂತೆನೋ. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಹಿತ್ತಲು ಮಾತ್ರ ನನ್ನದು, ಆ ಕೋಳಿ, ಆ ಮಧ್ಯಾಹ್ನ ಯಾವುದೂ ಬದಲಾಗಿರಲಿಲ್ಲ. ದೇವರು ನನಗೆ ಅದೇ ಚಿತ್ರವನ್ನು ಇನ್ನೊಮ್ಮೆ ತೋರಿಸಿದ್ದ, ಈ ಸಲ ಒಳಗೆ ನನ್ನನ್ನೇ ನಿಲ್ಲಿಸಿ. ಚರ್ಚಿನ ಬೆಂಚಿನ ಮೇಲೆ ಎಂದೂ ಬಾರದ ಭಯಭಕ್ತಿ ಆ ಹಿತ್ತಲ ಬಾಗಿಲಲ್ಲಿ ಬಂತು. ಅಲ್ಲಿಯೇ ಮೊಣಕಾಲೂರಿದೆ.

ಇವರಿಗೆ ಹೇಳಿದೆ. ಲ್ಯಾಬಿನ ಮನುಷ್ಯ, ಮೊದಲು ಪೂರ್ತಿ ಕೇಳಿದರು. ಆಮೇಲೆ, "ನೀ ನೋಡಿದ್ದು ಕೋಳಿ ತಿಂದದ್ದು. ಏನು ತಿಂದವು ಅನ್ನೂದು ನೋಡಿರಲಿಲ್ಲ. ಸ್ಯಾಂಪಲ್ ತಪಾಸ ಮಾಡಲಾರದ ರಿಪೋರ್ಟ್ ಬರದಿ" ಅಂದರು. ಬೈಗುಳವಲ್ಲ, ಆದರೂ ಬೈದಿದ್ದರೆ ಲೇಸಿತ್ತು.

"ಈಗೇನ ಮಾಡಲ್ರಿ?"

"ಹೋಗಿ ಹೇಳು."

ಹೇಳಿದಷ್ಟು ಸುಲಭವಲ್ಲ. ಮಾವಶಿ ಮರುದಿನವೇ ಬೇಡಗಕ್ಕೆ ಹೋದರು. ತಮ್ಮನ ಹೊಲದಲ್ಲಿ ಅರಿಶಿನ ಅಗೆದು ಕುದಿಸುವ ಕಾಲ. ಸೋಮವಾರ ಹೋದರೆ ಶನಿವಾರ ಬರುತ್ತಿದ್ದರು, ಕೋಳಿಗಳನ್ನು ಬುಟ್ಟಿಯಲ್ಲಿ ಕೂರಿಸಿ ಬಸ್ಸಿನಲ್ಲಿ ತಮ್ಮ ಜೊತೆಗೇ ಒಯ್ಯುತ್ತಿದ್ದರು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎರಡು ಸಲ ಅವರ ಹತ್ತಿರ ಹೋದೆ. ಒಮ್ಮೆ "ಅರಿಶಿನ ಹೆಂಗ ಬಂದೈತ್ರಿ?" ಅಂತ ಕೇಳಿ ಬಂದೆ. ಇನ್ನೊಮ್ಮೆ ಅಷ್ಟೂ ಆಗಲಿಲ್ಲ. ಮನೆಯಲ್ಲಿ ಪ್ರಾರ್ಥನೆ ಹೇಳುವಾಗ ಕ್ಷಮೆಯ ಸಾಲು ಬಂದರೆ ನನ್ನ ನಾಲಿಗೆ ಅಲ್ಲಿ ಎಡವುತ್ತಿತ್ತು. ಏಪ್ರಿಲಿನ ಪ್ರಭುಭೋಜನ ಆ ವರ್ಷ ಈಸ್ಟರಿನಂದೇ. ಅಂದು ಕೂಡ ಮಾವಶಿ ತಟ್ಟೆ ದಾಟಿಸಿದರೆ? ನನ್ನ ಒಂದು ಮಾತಿನಿಂದ ಒಬ್ಬರು ಹಬ್ಬದ ದಿನ ಉಪವಾಸ ಹೋಗುವುದನ್ನು, ನನ್ನ ಕೈಯ ರೊಟ್ಟಿಯನ್ನೇ ಮುಂದಿಟ್ಟು, ನಾನು ನೋಡುತ್ತ ಕೂರಬೇಕೆ?

ಈಸ್ಟರಿಗೆ ಎರಡು ವಾರವಿರುವಾಗ ಒಂದು ಬುಧವಾರ ಇವರು ಡ್ಯೂಟಿಗೆ ಹೋದದ್ದೇ ಬೇಡಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಇಳಿದು ಹೊಲದ ದಾರಿ ಹಿಡಿದರೆ ದೂರದಿಂದಲೇ ಹೊಗೆ ಕಂಡಿತು, ವಾಸನೆ ಅದಕ್ಕಿಂತ ಮೊದಲು ಬಂತು. ದೊಡ್ಡ ಕಡಾಯಿಯಲ್ಲಿ ಅರಿಶಿನದ ಕೊಂಬು ಕುದಿಯುತ್ತಿತ್ತು. ಒಣಗಿದ ಅರಿಶಿನದ ಎಲೆಯನ್ನೇ ಉರಿಗೆ ಹಾಕುತ್ತಿದ್ದರು. ಬೆಂದದ್ದನ್ನು ಬಯಲಲ್ಲಿ ಹರಡಿದ್ದರು, ಎಕರೆಗಟ್ಟಲೆ ನೆಲ ಹಳದಿ. ಮಾವಶಿ ಅದರ ನಡುವೆ ಕುಕ್ಕರಗಾಲಲ್ಲಿ ಕೂತು ಗಡ್ಡೆ ಬೇರೆ, ಕೊಂಬು ಬೇರೆ ಮಾಡುತ್ತಿದ್ದರು. ಸುತ್ತ ಐದು ಕೋಳಿ, ಅವುಗಳ ಪಾದ ಕೂಡ ಹಳದಿ.

"ಅಯ್ಯ, ಪ್ರೇಮಾ! ಒಬ್ಬಾಕೀನ ಬಂದಿ? ಮನ್ಯಾಗ ಎಲ್ಲಾ ಅರಾಮೇನು?"

ಜೋಡಿಸಿದ ಮಾತೆಲ್ಲ ಹೊಗೆಯಲ್ಲಿ ಹೋಯಿತು. "ಮಾವಶಿ, ಕೋಳಿ ಮಾತು ಹೇಳಿದಾಕಿ ನಾನ್ರಿ" ಅಂದೆ. "ಜನವರಿಯೊಳಗ. ಜರಡಿ ಕೊಡಾಕ ಬಂದಾಗ ನೋಡಿದ್ದೆ. ಪ್ರಭುಭೋಜನದ ರೊಟ್ಟಿ ಅಂತ ತಿಳಿದೆ. ನಿಮ್ಮನ್ನ ಕೇಳಲಿಲ್ಲ. ಅದು ಸುಟ್ಟ ಮೊದಲನೇ ರೊಟ್ಟಿ ಅಂತ ನನ್ನ ಕೈಯಾಗ ಸುಟ್ಟ ಮ್ಯಾಲೆ ತಿಳೀತು."

ಮಾವಶಿ ಕೈಯಲ್ಲಿದ್ದ ಕೊಂಬಿನ ಮಣ್ಣು ಹೆಬ್ಬೆರಳಿನಿಂದ ತಿಕ್ಕಿದರು. "ಗೊತ್ತಿತ್ತು."

"ಯಾವಾಗರಿ?"

"ಮಂದಿ ಬಾಯಾಗ ಕೋಳಿ ಮಾತು ಕೇಳಿದ ಕೂಡಲೇ. ಅವತ್ತ ನಾ ಬಾವಿಗೆ ಹೋಗಿ ಬರೂದ್ರಾಗ ಹೊಸ್ತಿಲ ಮ್ಯಾಲೆ ಜರಡಿ ಇತ್ತು. ಜರಡಿ ತಾನ ನಡಕೊಂಡ ಬಂತೇನು? ಆ ದಿವಸ ನನ್ನ ಹಿತ್ತಲಕ್ಕ ಬಂದಾಕಿ ನೀ ಒಬ್ಬಾಕಿ."

ಅಷ್ಟು ಸರಳ. ಮೂರು ತಿಂಗಳು ನನಗದು ಹೊಳೆದಿರಲಿಲ್ಲ. ಠರಾವಿಗೆ ಕೈ ಎತ್ತುವಾಗ ಗೊತ್ತಿತ್ತು. ಮರುದಿನ ನನ್ನ ಬಾಗಿಲಲ್ಲಿ ನಿಂತಾಗ ಗೊತ್ತಿತ್ತು.

"ಗೊತ್ತಿದ್ದೂ ತವಾ ಯಾಕ ತಂದು ಕೊಟ್ರಿ?"

"ಮತ್ತೇನು, ನಿನ್ನ ಮ್ಯಾಲಿನ ಸಿಟ್ಟಿಗೆ ಪ್ರಭುವಿನ ರೊಟ್ಟಿ ಕೆಡಸಲೇನು? ಮ್ಯಾಲ ಅದನ್ನ ಮನ್ಯಾಗ ಇಟಗೊಂಡ್ರ ದಿನಾ ಕಣ್ಣಿಗೆ ಬೀಳತಿತ್ತು, ದಿನಾ ಸಿಟ್ಟು ಬರತಿತ್ತು. ಕೊಟ್ಟಬಿಟ್ಟೆ. ಅರ್ಧ ಸಿಟ್ಟು ತವಾದ ಜೋಡಿ ಹೋತು."

"ಉಳಿದರ್ಧಾ?"

ಮಾವಶಿ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಿನಲ್ಲಿ ಮೆತ್ತಗಿನದೇನೂ ಇರಲಿಲ್ಲ. "ಅದ ಇನ್ನೂ ಐತಿ. ಇಲ್ಲಂತ ಹ್ಯಾಂಗ ಹೇಳಲಿ? ಅದಕ್ಕ ತಟ್ಟಿ ಮುಂದ ಕಳಸತೇನಿ. ಒಳಗೊಂದು ಹೊರಗೊಂದು ಇಟಗೊಂಡು ಆ ತುಣುಕು ಬಾಯಾಗ ಇಡಾಕ ನನಗ ಅಂಜಿಕಿ."

ಕಡಾಯಿಯ ಹತ್ತಿರ ಯಾರೋ ಕೂಗಿದರು. ಮಾವಶಿ ಕೇಳಿಸಿಕೊಳ್ಳಲಿಲ್ಲ. ತುಸು ದನಿ ಇಳಿಸಿ ಹೇಳಿದರು: "ದಿನಾ ಮುಂಜಾನೆ ಕೋಳಿಗೆ ಕಾಳು ಹಾಕೂ ಮುಂದ ದೇವರ ಮುಂದ ನಿನ್ನ ಹೆಸರು ತಗೋತೇನಿ. ಇವತ್ತೂ ತಗೊಂಡೇನಿ. ಮೊದಮೊದಲ ಪ್ರೇಮಾ ಅನ್ನಬೇಕಾದ್ರ ಹಲ್ಲು ಕಡೀತಿದ್ದೆ. ಕಾಳು ನೆಲಕ್ಕ ಒಗೀತಿದ್ದೆ, ಕೋಳಿ ಅಂಜಿ ಓಡತಿದ್ವು. ಈಗ ಬರೇ ಹೆಸರು ಬರತೈತಿ. ಕೋಳಿ ಓಡಾಂಗಿಲ್ಲ."

ಕ್ಷಮೆಯ ಮೇಲೆ ಪಾದ್ರಿಗಳ ಎಷ್ಟು ಪ್ರಸಂಗ ಕೇಳಿದ್ದೆ, ಕಾನ್ವೆಂಟಿನಲ್ಲಿ ಆ ವಿಷಯದ ಪ್ರಬಂಧಕ್ಕೆ ಬಹುಮಾನವೂ ಸಿಕ್ಕಿತ್ತು. ಅದೊಂದು ಮಾತು, ಒಮ್ಮೆ ಅಂದರೆ ಮುಗಿಯಿತು ಎಂದೇ ತಿಳಿದಿದ್ದೆ. ಇಲ್ಲಿ ಒಬ್ಬರು ನನ್ನ ಅರಿವಿಗೇ ಬಾರದಂತೆ ಐವತ್ತು ಅರವತ್ತು ಮುಂಜಾನೆ, ನಾನು ಹಾಸಿಗೆಯಲ್ಲಿ ಮಲಗಿರುವಾಗ, ಹಲ್ಲು ಕಚ್ಚಿ ಹಿಡಿದು ನನ್ನ ಕಡೆ ಒಂದೊಂದೇ ಹೆಜ್ಜೆ ನಡೆದು ಬರುತ್ತಿದ್ದರು. ನಾನು ಅವರ ಹಳದಿ ಕೈಗಳನ್ನೇ ನೋಡುತ್ತ ಕೂತೆ. ಮುಟ್ಟುವ ಧೈರ್ಯವಾಗಲಿಲ್ಲ.

"ಅಳಬ್ಯಾಡಾ ಪೋರಿ. ಅರಿಶಿನ ತೊಯ್ದ್ರ ನನ್ನ ತಮ್ಮ ಬೈತಾನ" ಅಂದರು. ಆಮೇಲೆ, "ನನಗ ಹೇಳಿದಿ, ಛಲೋ ಆತು. ಆದ್ರ ನನಗೇನ ಹೇಳತಿ, ನನಗ ಗೊತ್ತ ಐತಿ. ಗೊತ್ತಿಲ್ಲದವರಿಗೆ ಹೋಗಿ ಹೇಳು."

ಮರುದಿನ ಗುರುವಾರ. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ನೀಲಿ ಪುಸ್ತಕ ಎದೆಗೊತ್ತಿಕೊಂಡು ಎದ್ದು ನಿಂತು ಹೇಳಿದೆ, ಎಲ್ಲವನ್ನೂ, ನನ್ನ ಮುರುಕು ಮರಾಠಿಯಲ್ಲಿ. ಮೊದಲ ರೊಟ್ಟಿ ಸುಟ್ಟದ್ದು, ಕೋಳಿ ಓಡಿ ಬಂದದ್ದು, ನಾನು ಕೇಳದೆ ಹೇಳಿದ್ದು. ಹೆಣಿಗೆಯ ಸೂಜಿಗಳೆಲ್ಲ ನಿಂತವು.

ಮೂಲೆಯಿಂದ ಒಬ್ಬರು ಮೆಲ್ಲಗೆ, "ನಮ್ಮ ಮನ್ಯಾಗೂ ಮೊದಲನೇ ರೊಟ್ಟಿ ನಾಯಿಗೇ" ಅಂದರು.

"ನಮ್ಮಲ್ಲಿ ಆಕಳಿಗೆ."

"ತವಾ ಹದಕ್ಕ ಬರೂತನಕ ಯಾರದ ಛಲೋ ಬರತದ?"

ಒಬ್ಬರ ಮುಖ ಒಬ್ಬರು ನೋಡಿದರು. ಹದಿನೈದು ಹೆಂಗಸರು, ದಿನಕ್ಕೆರಡು ಹೊತ್ತು ತವಾದ ಮುಂದೆ ಕೂರುವವರು. ಕೈ ಸುಟ್ಟುಕೊಂಡು ಕಲಿತ ವಿದ್ಯೆ, ಒಬ್ಬರಿಗೂ ಆ ದಿನ ನೆನಪಾಗಿರಲಿಲ್ಲ. ದೇವರ ರೊಟ್ಟಿಯೂ ಅದೇ ಕಬ್ಬಿಣದ ಮೇಲೆ ಬೇಯುತ್ತದೆಂದು ಯಾರೂ ಯೋಚಿಸಿರಲಿಲ್ಲ. ವಿಮಲಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಪ್ರೇಮಾ ಕೇಳಲಿಲ್ಲ, ಅಕೀ ಹುಡುಗಿ. ನಾನೂ ಕೇಳಲಿಲ್ಲಲ್ಲ" ಅಂದರು. ಆಮೇಲೆ, "ಬರಿ, ವೃತ್ತಾಂತದಾಗ ಬರಿ. ನನ್ನ ಹೆಸರೂ ಬರಿ."

ಬರೆದೆ. ಆ ಪುಟದ ಅಕ್ಷರ ಮುತ್ತಿನಂತಿರಲಿಲ್ಲ.

ಆವತ್ತೇ ಸಂಜೆ ಇಬ್ಬರು ಹೆಂಗಸರು ಬೇಡಗಕ್ಕೆ ಹೋಗಿ ಬಂದರೆಂದು ಕೇಳಿದೆ. ರೊಟ್ಟಿಯ ಸೇವೆ ಮತ್ತೆ ನೀವೇ ಮಾಡಬೇಕೆಂದು ವಿಮಲಾಬಾಯಿ ಹೇಳಿಕಳಿಸಿದರಂತೆ. ಮಾವಶಿ, "ಏಪ್ರಿಲ್‌ತನಕ ಪ್ರೇಮಾಂದು ಅಂತ ಠರಾವು ಆಗೈತಿ. ನಾನೂ ಕೈ ಎತ್ತೇನಿ" ಅಂದರಂತೆ.

ಈಸ್ಟರಿನ ಹಿಂದಿನ ಶನಿವಾರ ಮಧ್ಯಾಹ್ನ ಮಾವಶಿ ತಾವಾಗಿ ಬಂದರು. ಬಾಗಿಲಲ್ಲೇ, "ಕೆಲಸ ನಿಂದು. ನಾ ಬರೇ ಕುಂತು ನೋಡಾಕಿ" ಅಂದು ಮಣೆ ಎಳೆದು ಕೂತರು. ಕೂತವರು ಸುಮ್ಮನಿದ್ದರೇ? "ಕೆಂಡ ಆ ಕಡೆ ಸರಸು. ಇಷ್ಟ ನೀರ್ಯಾಕ? ಲಟ್ಟಣಿಗಿ ಹಿಡಿಯೂದ ನೋಡು, ಪೆನ್ನು ಹಿಡದಂಗ!" ಮೊದಲ ರೊಟ್ಟಿ ಆ ದಿನವೂ ಸುಟ್ಟಿತು. ಮಾವಶಿ ಅದನ್ನು ಎತ್ತಿ, ಗೆರೆಗುಂಟ ಮುರಿದು ನೋಡಿ, ತಮ್ಮ ಚೀಲಕ್ಕೆ ಹಾಕಿಕೊಂಡರು. "ನಾಳೆ ಹಬ್ಬ. ಅವಕ್ಕೂ ಇರಲಿ."

ಬಟ್ಟೆಯಲ್ಲಿ ರೊಟ್ಟಿ ಸುತ್ತುವಾಗ, ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ. "ನಾಳೆ ತಗೋತೀರಿಲ್ರಿ ಮಾವಶಿ?"

"ನಾಳಿದು ನಾಳೆ" ಅಂದರು. ಅಷ್ಟೇ.

ಈಸ್ಟರ್ ಮುಂಜಾನೆ ಚರ್ಚು ತುಂಬಿತ್ತು. ಮಾವಶಿ ಬಂದು ನನ್ನ ಪಕ್ಕದಲ್ಲಿ ಕೂತರು. ಬೇಕೆಂದೇ ಕೂತರೋ, ಜಾಗ ಅಲ್ಲಿತ್ತೆಂದು ಕೂತರೋ ತಿಳಿಯದು. ಬಿಳಿ ಸೀರೆ, ಕೈ ಎಷ್ಟು ತಿಕ್ಕಿ ತೊಳೆದರೂ ಹೋಗದ ಹಳದಿ. ರೊಟ್ಟಿ ಮುರಿದ ಸಪ್ಪಳ ಹಿಂದಿನ ಬೆಂಚಿನವರೆಗೂ ಕೇಳಿಸಿತು. ತಟ್ಟೆ ನಮ್ಮ ಸಾಲಿಗೆ ಬಂತು. ಮಾವಶಿಗೆ ತಟ್ಟೆ ಹಿಡಿಯಬೇಕಾದವಳು ನಾನು. ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ಮಾವಶಿ ಕಣ್ಣು ಮುಚ್ಚಿದರು. ಅವರ ತುಟಿ ಅಲುಗಿತು. ಹಿತ್ತಲಲ್ಲಿ ದಿನಾ ತೆಗೆದುಕೊಳ್ಳುವ ಹೆಸರನ್ನು ಅಲ್ಲಿಯೂ ತೆಗೆದುಕೊಂಡರೆಂದು ನನಗೆ ಇಂದಿಗೂ ಖಾತ್ರಿ. ಇಡೀ ಬೆಂಚು ಕಾಯಿತು. ಹೊರಗೆ ಟಾಂಗಾದ ಕುದುರೆಯ ಗೆಜ್ಜೆ ಹಾದುಹೋದದ್ದು ಕೂಡ ನೆನಪಿದೆ.

ಕಣ್ಣು ತೆರೆದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಉಪ್ಪು ಹಾಕಿಲ್ಲಲ್ಲ?" 

"ಇಲ್ರಿ ಮಾವಶಿ."

ಆ ಹಳದಿ ಬೆರಳುಗಳು ಮುಂದೆ ಬಂದವು. ಒಂದು ತುಣುಕು ತೆಗೆದುಕೊಂಡರು. ಆಮೇಲೆ ತಟ್ಟೆಯನ್ನು ನನ್ನ ಕೈಯಿಂದ ತಾವು ಇಸಿದುಕೊಂಡು ನನ್ನ ಮುಂದೆ ಹಿಡಿದರು. "ತಗೋ" ಅಂದರು.

ಮಾವಶಿ ಹೋಗಿ ಬಹಳ ವರ್ಷವಾಯಿತು. ಹೋದ ಸಲ ನೋಡಿದೆ, ಆ ಓಣಿಯಲ್ಲಿ ಈಗ ಮೂರು ಅಂತಸ್ತಿನ ಮನೆಗಳು, ಚರ್ಚಿಗೆ ರೊಟ್ಟಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ತವಾ ನನ್ನ ಹತ್ತಿರವೇ ಉಳಿಯಿತು. ಅದರ ಮೇಲೆ ಮೊದಲ ರೊಟ್ಟಿ ಈಗಲೂ ಸುಡುತ್ತದೆ.

ನನಗೂ ಈಗ ಒಂದು ಹೆಸರಿದೆ. ಯಾರದೆಂದು ಬರೆಯುವುದಿಲ್ಲ, ಏನು ಮಾಡಿದರೆಂದೂ ಬರೆಯುವುದಿಲ್ಲ. ದಿನಾ ಮುಂಜಾನೆ ಆ ಮೊದಲ ರೊಟ್ಟಿಯನ್ನು ಕಾಗೆಗಳಿಗೆ ಮುರಿದು ಹಾಕುವಾಗ ಆ ಹೆಸರನ್ನು ದೇವರ ಮುಂದೆ ತೆಗೆದುಕೊಳ್ಳುತ್ತೇನೆ. ಎರಡು ವರ್ಷವಾಯಿತು. ಹಲ್ಲು ಇನ್ನೂ ಒಂದಿಷ್ಟು ಕಡಿಯುತ್ತದೆ. ಕಾಗೆಗಳು ಮಾತ್ರ ಈಗೀಗ ಹಾರಿಹೋಗುವುದಿಲ್ಲ.